ಈರುಳ್ಳಿ ದಬರಿಯ ವಿದ್ಯೆ

ಮಧ್ಯಾಹ್ನ ಮೂರು ಗಂಟೆ. ಹೋಟೆಲಿನ ಮುಂಬಾಗಿಲಿಗೆ ಇನ್ನೂ ಬೀಗ. ಹಿಂದಿನ ಓಣಿಯಿಂದ ಅಡುಗೆಮನೆಗೆ ಕಾಲಿಟ್ಟರೆ ಮೊದಲು ಎದುರಾಗುವುದು ಈರುಳ್ಳಿ ಮೂಟೆಗಳು. ಒಂದರ ಮೇಲೊಂದು ಪೇರಿಸಿ ಎದೆಯೆತ್ತರ ಬಂದಿವೆ. ಪಕ್ಕದಲ್ಲಿ ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ ಕೂತು ಹುಡುಗನೊಬ್ಬ ಸಿಪ್ಪೆ ಸುಲಿಯುತ್ತಿದ್ದಾನೆ. ಅವನ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಬಾಗಿಲಲ್ಲಿ ನಿಂತ ನನ್ನ ಕಣ್ಣಲ್ಲಿ ಮಾತ್ರ ಧಾರಾಕಾರ. ಒಲೆಯ ಮುಂದಿದ್ದ ಹಿರಿಯರು ತಿರುಗಿ ನೋಡಿ, ತಮ್ಮ ಸಿಲ್ಹೆಟಿ ಬೆರೆತ ಹಿಂದಿಯಲ್ಲಿ, "ಒಳಗೆ ಬನ್ನಿ ಭಾಯಿ, ಬಾಗಿಲ ಹತ್ತಿರವೇ ಉರಿ ಜಾಸ್ತಿ" ಎಂದರು.

ಬರ್ಮಿಂಗ್‌ಹ್ಯಾಮಿನಿಂದ ಸ್ವಲ್ಪ ದೂರದ ಸಣ್ಣ ಊರು ಅದು. ಒಂದು ಚಳಿಗಾಲ ನಾನು ಬಾಡಿಗೆಗಿದ್ದ ಬೀದಿಯ ತುದಿಯಲ್ಲೇ ಆ ಹೋಟೆಲು. ಇಂಗ್ಲೆಂಡಿನಲ್ಲಿ ಊರು ಎನ್ನಿಸಿಕೊಂಡ ಕಡೆಯಲ್ಲೆಲ್ಲ ಚರ್ಚು, ಪಬ್ಬು ಇದ್ದ ಹಾಗೆ ಇಂಥದೊಂದು ಕರಿ ಹೋಟೆಲೂ ಕಾಣುತ್ತದೆ. ಊರಿನವರು ಅದನ್ನು ‘ಇಂಡಿಯನ್’ ಅನ್ನುತ್ತಾರೆ. ಒಳಗೆ ಸೌಟು ಹಿಡಿದವರು ಬಹುಪಾಲು ಬಾಂಗ್ಲಾದೇಶದ ಸಿಲ್ಹೆಟ್ ಸೀಮೆಯವರು. ಅಲ್ಲಿಗೆ ಹೋಗಿ ಉಂಡು ಬಂದ ನಮ್ಮವರು "ಅಯ್ಯೋ, ಅದು ನಮ್ಮ ಊಟವೇ ಅಲ್ಲ ಬಿಡಿ" ಎಂದು ಕೈ ಝಾಡಿಸುವುದು ವಾಡಿಕೆ. ಮೊದಲ ತಿಂಗಳು ನಾನೂ ಅದೇ ಹೇಳಿದ್ದೆ. ಆ ಹಿರಿಯರ ಒಲೆಯ ಪಕ್ಕ ನಾಲ್ಕಾರು ಸಂಜೆ ನಿಂತ ಮೇಲೆ ಹಾಗೆ ಹೇಳಲು ನಾಲಿಗೆ ಏಳುತ್ತಿಲ್ಲ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಂದ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲದಕ್ಕೂ ಮೂಲ ಆ ಈರುಳ್ಳಿ. ಹುಡುಗ ಸುಲಿದದ್ದೆಲ್ಲ ದಪ್ಪದಪ್ಪ ಹೋಳಾಗಿ ಮದುವೆಮನೆಯಲ್ಲಿ ಸಾರು ಕಾಯಿಸುವಷ್ಟು ದೊಡ್ಡ ಅಲ್ಯುಮಿನಿಯಂ ದಬರಿಗೆ ಬೀಳುತ್ತದೆ. ಜೊತೆಗೆ ಒಂದಷ್ಟು ಗಜ್ಜರಿ, ಒಂದು ತುಂಡು ಎಲೆಕೋಸು, ದೊಣ್ಣೆಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಡಬ್ಬದ ಟೊಮೆಟೊ, ಉಪ್ಪು, ಅರಿಸಿನ, ದನಿಯ ಪುಡಿ, ಜೀರಿಗೆ ಪುಡಿ. ಮೇಲೆ ನಾವು ಹೌಹಾರುವಷ್ಟು ಎಣ್ಣೆ, ಮುಳುಗುವಷ್ಟು ನೀರು. ಈರುಳ್ಳಿಯನ್ನು ಹುರಿಯುವುದಿಲ್ಲ, ಬೇಯಿಸುತ್ತಾರೆ. ನಮ್ಮ ಕೈಗೆ ಇದು ವಿಚಿತ್ರ ಎನ್ನಿಸುತ್ತದೆ. ಈರುಳ್ಳಿ ಕೆಂಪಗಾಗದೆ ಮಸಾಲೆಗೆ ರುಚಿಯೆಲ್ಲಿಂದ ಬಂತು ಎನ್ನುವವರು ನಾವು. ಚಾಚಾ ಅದಕ್ಕೆ ಏನೂ ಹೇಳಲಿಲ್ಲ. "ರಾತ್ರಿ ನೋಡಿ" ಎಂದಷ್ಟೇ ಅಂದರು.

ದಬರಿ ಎರಡು ಗಂಟೆಗೂ ಮೀರಿ ಕುದಿಯಿತು. ಮೊದಲ ಅರ್ಧ ಗಂಟೆ ಹಸಿ ಈರುಳ್ಳಿಯ ಘಾಟು. ಆಮೇಲೆ ಒಂಥರ ಬೇಯಿಸಿದ ಕೋಸಿನ ಸಪ್ಪೆ ವಾಸನೆ. ಅದೂ ಕಳೆದು ಸಿಹಿ ಪರಿಮಳ ಏಳುವವರೆಗೆ ಒಲೆ ಆರಿಸುವಂತಿಲ್ಲ. ಹೋಳನ್ನು ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಜಾರಬೇಕು. ಆಗ ದೋಣಿಯ ಹುಟ್ಟಿನಷ್ಟು ಉದ್ದದ ಕಡೆಯುವ ಯಂತ್ರವನ್ನು ದಬರಿಗೇ ಇಳಿಸಿ ನುಣ್ಣಗೆ ಅರೆಯುತ್ತಾರೆ. ಗಟ್ಟಿಯಾಗಿದ್ದರೆ ಬಿಸಿನೀರು ಸೇರಿಸಿ ತೆಳು ಮಾಡುತ್ತಾರೆ. ಕೊನೆಗೆ ಉಳಿಯುವುದು ಕಿತ್ತಳೆ ಬಣ್ಣದ, ನಮ್ಮ ತಿಳಿಸಾರಿಗಿಂತ ಸ್ವಲ್ಪ ಗಟ್ಟಿ, ಹುಳಿಗಿಂತ ತೆಳು ಇರುವ ಒಂದು ದ್ರವ. ಹದವನ್ನು ಚಾಚಾ ಸೌಟಿನ ಬೆನ್ನ ಮೇಲೆ ನೋಡಿದರು. ಬೆರಳಲ್ಲಿ ಗೀರಿದ ಗೆರೆ ಒಂದು ಕ್ಷಣ ನಿಂತು ಮೆಲ್ಲಗೆ ಮುಚ್ಚಿಕೊಳ್ಳಬೇಕು. ಇದಕ್ಕೆ ಅವರ ಬಾಯಲ್ಲಿ ‘ಗ್ರೇವಿ’ ಎಂದೇ ಹೆಸರು. ಒಂದು ಚಮಚ ರುಚಿ ನೋಡಿದೆ. ಸಪ್ಪೆಯೂ ಅಲ್ಲ, ಖಾರವೂ ಅಲ್ಲ, ಇದು ಇಂಥ ಪದಾರ್ಥ ಎಂದು ಹೇಳುವಂತೆಯೂ ಇಲ್ಲ. ಅದಕ್ಕೆ ತನ್ನದೆನ್ನುವ ರುಚಿ ಇರಬಾರದು ಎಂಬುದೇ ಅದರ ಗುಟ್ಟು. ರಾತ್ರಿ ಅದು ಏನು ಬೇಕಾದರೂ ಆಗಬೇಕು.

ಹೀಗೇಕೆ ಮಾಡಬೇಕಾಯಿತು ಎಂದು ತಿಳಿಯಲು ಈ ಜನ ಅಲ್ಲಿಗೆ ಬಂದ ದಾರಿಯನ್ನು ನೋಡಬೇಕು.

ಬ್ರಿಟನ್ನಿಗೆ ಕರಿ ಹೊಸತಲ್ಲ. ಹ್ಯಾನಾ ಗ್ಲಾಸ್ ಎಂಬಾಕೆ 1747ರಲ್ಲಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲೇ ಹಿಂದೂಸ್ತಾನದ ರೀತಿಯ ‘ಕರಿ’ ಮಾಡುವ ಕ್ರಮವಿದೆ. ಪಟ್ನಾದಲ್ಲಿ ಹುಟ್ಟಿ ಕಂಪನಿಯ ಸೈನ್ಯದಲ್ಲಿದ್ದ ಶೇಖ್ ದೀನ್ ಮಹಮ್ಮದ್ 1810ರಲ್ಲಿ ಲಂಡನ್ನಿನ ಜಾರ್ಜ್ ಸ್ಟ್ರೀಟಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದ. ಎರಡೇ ವರ್ಷದಲ್ಲಿ ದಿವಾಳಿಯಾದ. ರೀಜೆಂಟ್ ಸ್ಟ್ರೀಟಿನ ವೀರಾಸ್ವಾಮಿ 1926ರಲ್ಲಿ ಶುರುವಾಯಿತು, ಆದರೆ ಅದು ದೊಡ್ಡವರ ಜಾಗ. ಬೀದಿಬೀದಿಗೆ ಕರಿ ತಂದವರು ಬೇರೆಯೇ ಜನ. ಕಲ್ಕತ್ತೆಯಿಂದ ಹೊರಡುವ ಉಗಿಹಡಗುಗಳ ತಳದ ಎಂಜಿನ್ ಕೋಣೆಯಲ್ಲಿ ಕುಲುಮೆಗೆ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದವರಲ್ಲಿ ಸಿಲ್ಹೆಟಿನವರು ತುಂಬಾ. ಲಸ್ಕರ್ ಎಂದು ಅವರನ್ನು ಕರೆಯುತ್ತಿದ್ದರು. ಆ ಬೇಗೆ ತಡೆಯಲಾರದೆ ಎಷ್ಟೋ ಮಂದಿ ಲಂಡನ್ನಿನ ಬಂದರಿನಲ್ಲಿ ಹಡಗು ಬಿಟ್ಟು ಇಳಿದರು. ಹೋಟೆಲುಗಳಲ್ಲಿ ತಟ್ಟೆ ತೊಳೆದರು, ಈರುಳ್ಳಿ ಹೆಚ್ಚಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬಾಂಬಿಗೆ ಜಖಂ ಆದ, ಯಾರಿಗೂ ಬೇಡವಾದ ಸಣ್ಣ ಕೆಫೆಗಳನ್ನು ಅಗ್ಗಕ್ಕೆ ಹಿಡಿದರು. ಮೊದಲು ಇಂಗ್ಲಿಷರ ಮೀನು, ಚಿಪ್ಸ್, ಪೈಗಳನ್ನೇ ಮಾರಿದರು. ಪಕ್ಕದಲ್ಲೊಂದು ಪಾತ್ರೆಯಲ್ಲಿ ಅನ್ನ, ಕರಿ.

ಆ ಪಾತ್ರೆಯನ್ನು ಊರಿನವರು ಕಂಡುಕೊಂಡದ್ದು ರಾತ್ರಿಯ ಹೊತ್ತು. ದಶಕಗಳ ಕಾಲ ಅಲ್ಲಿನ ಪಬ್ಬುಗಳು ಹತ್ತೂವರೆ, ಹನ್ನೊಂದಕ್ಕೆ ಬಾಗಿಲು ಹಾಕುತ್ತಿದ್ದವು. ಹೊರಗೆ ಚಳಿ, ಒಳಗೆ ಹಸಿವು. ದೀಪ ಉರಿಯುತ್ತಿದ್ದದ್ದು ಈ ಹೋಟೆಲಿನಲ್ಲಿ ಮಾತ್ರ. ಒಮ್ಮೆಗೇ ಐವತ್ತು ಅರವತ್ತು ಮಂದಿ ನುಗ್ಗಿ, ಒಬ್ಬ ಕೋಳಿ ಕೊರ್ಮಾ, ಇನ್ನೊಬ್ಬ ಕುರಿ ಮದ್ರಾಸ್, ಮತ್ತೊಬ್ಬ ಸಿಗಡಿ ದೋಪ್ಯಾಜಾ ಎನ್ನುತ್ತಾರೆ. ಅಡುಗೆಮನೆಯಲ್ಲಿ ಇರುವವರು ಇಬ್ಬರೋ ಮೂವರೋ. ನಮ್ಮ ಮನೆಯ ಕ್ರಮದಲ್ಲಿ ಒಂದೊಂದಕ್ಕೆ ಮುಕ್ಕಾಲು ಗಂಟೆ ಬೇಕು. ಹಾಗೆ ಮಾಡಿದರೆ ಕೊನೆಯ ಮೇಜಿಗೆ ಬೆಳಗಾಗುತ್ತದೆ. ಮೊದಲೇ ಎಲ್ಲವನ್ನೂ ಮಾಡಿಟ್ಟರೆ ಯಾವುದು ಖರ್ಚಾಗುತ್ತದೋ ಯಾವುದು ಕೆಡುತ್ತದೋ ಹೇಳಲಾಗದು. ಈ ಇಕ್ಕಟ್ಟಿಗೆ ಆ ಅಡುಗೆಮನೆಗಳು ಕಂಡುಕೊಂಡ ಉತ್ತರ ಈ ದಬರಿ. ಹೊತ್ತು ಹಿಡಿಯುವ ಕೆಲಸವನ್ನೆಲ್ಲ ಮಧ್ಯಾಹ್ನಕ್ಕೆ ತಂದಿಟ್ಟರು: ಈರುಳ್ಳಿ ಬೇಯುವುದು, ಮಾಂಸ ಬೇಯುವುದು, ಆಲೂಗಡ್ಡೆ ಅರಿಸಿನದಲ್ಲಿ ಬೇಯುವುದು. ರುಚಿ ಕಟ್ಟುವ ಕೆಲಸವನ್ನು ರಾತ್ರಿಗೆ ಉಳಿಸಿಕೊಂಡರು. ಯಾರು ಮೊದಲು ಮಾಡಿದರೆಂದು ಬೆರಳಿಟ್ಟು ತೋರಿಸಲಾಗದ ಈ ವಿದ್ಯೆ, ಒಂದು ಒಲೆಯಿಂದ ಇನ್ನೊಂದು ಒಲೆಗೆ, ಮಾವನಿಂದ ಅಳಿಯನಿಗೆ, ಅಣ್ಣನಿಂದ ತಮ್ಮನಿಗೆ ದಾಟಿ ಇಡೀ ದೇಶಕ್ಕೆ ಹಬ್ಬಿತು. ಇದೊಂದು ದೊಡ್ಡ ಆವಿಷ್ಕಾರ ಎಂದೇ ನಾನು ತಿಳಿದಿದ್ದೇನೆ.

ರಾತ್ರಿ ಎಂಟಕ್ಕೆ ಮತ್ತೆ ಹೋದೆ. ಅಡುಗೆಮನೆಯ ಚಹರೆಯೇ ಬದಲಾಗಿತ್ತು. ಒಲೆಯ ಹಿಂಬದಿಯಲ್ಲಿ ಗ್ರೇವಿ ಸಣ್ಣಗೆ ಕುದಿಯುತ್ತಿದೆ. ತಣ್ಣಗಿನ ಗ್ರೇವಿ ಬಿದ್ದರೆ ಬಾಣಲೆಯ ಬಿಸಿ ಸತ್ತುಹೋಗುತ್ತದೆ. ಕೈಗೆಟಕುವಂತೆ ಸಾಲಾಗಿ ಸ್ಟೀಲ್ ಡಬ್ಬಗಳು: ಶುಂಠಿ-ಬೆಳ್ಳುಳ್ಳಿ ಪೇಸ್ಟು, ನೀರಲ್ಲಿ ಕದಡಿದ ಟೊಮೆಟೊ ಪೇಸ್ಟು, ಮೆಣಸಿನ ಪುಡಿ, ಕಸೂರಿ ಮೇಥಿ, ಉಪ್ಪು, ಸಕ್ಕರೆ, ಕೊಬ್ಬರಿ ಪುಡಿ, ಮತ್ತೆ ‘ಮಿಕ್ಸ್ ಪೌಡರ್’. ಈ ಮಿಕ್ಸ್ ಪೌಡರಿನ ಅಳತೆ ಹೋಟೆಲಿಗೊಂದು. ದನಿಯ, ಜೀರಿಗೆ, ಅರಿಸಿನ, ಖಾರವಿಲ್ಲದ ಪಾಪ್ರಿಕಾ, ಕರಿ ಪೌಡರು ಸಾಮಾನ್ಯವಾಗಿ ಇದ್ದೇ ಇರುತ್ತವೆ. ನಮ್ಮ ಸಾರಿನ ಪುಡಿಗೆ ದನಿಯ, ಮೆಂತ್ಯ, ಮೆಣಸಿನಕಾಯಿಯನ್ನು ಮೊದಲೇ ಹುರಿದು ಕುಟ್ಟುತ್ತೇವಲ್ಲ, ಇಲ್ಲಿ ಹಾಗಿಲ್ಲ. ಪುಡಿ ಹಸಿ. ಹುರಿಯುವುದು ರಾತ್ರಿ, ಎಣ್ಣೆಯಲ್ಲಿ, ಕೆಲವೇ ಕ್ಷಣ. ಆ ಕ್ಷಣಗಳ ಮೇಲೆ ಇಡೀ ಪದಾರ್ಥ ನಿಂತಿದೆ.

ಕಿಟಕಿಯಿಂದ ಚೀಟಿ ಬಂತು. ಕೋಳಿ ಮದ್ರಾಸ್, ಒಂದು. ಚಾಚಾ ಉದ್ದ ಹಿಡಿಯ ತೆಳು ಅಲ್ಯುಮಿನಿಯಂ ಬಾಣಲೆಯನ್ನು ಉರಿಗೆ ಒಡ್ಡಿದರು. ಉರಿ ಎಂದರೆ ಮನೆಯ ಗ್ಯಾಸಿನ ಹೂವಲ್ಲ, ಬುಸುಗುಡುವ ನೀಲಿ ಜ್ವಾಲೆ. ಕೈಯಲ್ಲಿರುವುದು ಉದ್ದನೆಯ ಸ್ಟೀಲ್ ಚಮಚ ಒಂದೇ. ಅಳೆಯಲು, ಕೆದಕಲು, ಕೆರೆಯಲು, ಬಡಿಸಲು ಎಲ್ಲಕ್ಕೂ ಅದೇ. ಎಣ್ಣೆ ತೆಗೆದದ್ದು ಎಣ್ಣೆ ಡಬ್ಬದಿಂದ ಅಲ್ಲ. ಗ್ರೇವಿಯ ಮೇಲೆ ತೇಲಿ ಬಂದ ಕೆಂಪು ಎಣ್ಣೆಯನ್ನು ಬಳಿದಿಟ್ಟಿದ್ದ ಬಟ್ಟಲಿನಿಂದ. ಮಧ್ಯಾಹ್ನದ ಎಲ್ಲ ಪರಿಮಳವೂ ಅದರಲ್ಲಿದೆ. ಬೆಳ್ಳುಳ್ಳಿ ಪೇಸ್ಟು ಬಿತ್ತು. ಚಟಪಟ ಸದ್ದು. ಚಾಚಾ ಬಾಣಲೆಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಪೇಸ್ಟಿನಲ್ಲಿ ನೀರಿರುವ ತನಕ ಸದ್ದು ದೊಡ್ಡದು. ನೀರು ಆರಿದ ಕ್ಷಣ ಸದ್ದು ಕುಗ್ಗುತ್ತದೆ, ಆಗ ಹಸಿ ವಾಸನೆಯೂ ಹೋಗಿರುತ್ತದೆ. ಅದಕ್ಕಿಂತ ಎರಡು ಉಸಿರು ತಡವಾದರೆ ಬೆಳ್ಳುಳ್ಳಿ ಕಹಿ.

ಸದ್ದು ಕುಗ್ಗಿತು. ಕಸೂರಿ ಮೇಥಿ ಒಂದು ಚಿಟಿಕೆ ಅಂಗೈಯಲ್ಲಿ ಉಜ್ಜಿ ಉದುರಿಸಿದರು. ಮಿಕ್ಸ್ ಪೌಡರು, ಮೆಣಸಿನ ಪುಡಿ, ಉಪ್ಪು. ಬೆನ್ನಿಗೇ ಅರ್ಧ ಸೌಟು ಗ್ರೇವಿ. ಅಷ್ಟು ಕಾದ ಎಣ್ಣೆಯಲ್ಲಿ ಬರೀ ಪುಡಿ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸೀದುಹೋಗುತ್ತದೆ. ಆ ಅರ್ಧ ಸೌಟು ಅದನ್ನು ಸೀಯದಂತೆ ಕಾಯ್ದು, ಹುರಿಯಲು ಬಿಡುವು ಕೊಡುತ್ತದೆ. ನೀರು ಮತ್ತೆ ಆರಿ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಾಗ ಟೊಮೆಟೊ. ಮತ್ತೆ ಎಣ್ಣೆ ಬಿಡುವವರೆಗೆ ಜೋರು ಉರಿ. ಆಮೇಲೆ ಒಂದು ಸೌಟು ಗ್ರೇವಿ.

ಇಲ್ಲಿಂದ ಮುಂದೆ ನಾನು ಕಲಿತದ್ದು ಸುಮ್ಮನಿರುವುದನ್ನು. ನಮ್ಮ ಕೈ ತಾನಾಗಿ ಸೌಟಾಡಿಸಲು ಹೋಗುತ್ತದೆ. ಚಾಚಾ ಮುಟ್ಟಲಿಲ್ಲ. ಗ್ರೇವಿ ಕೊತಕೊತ ಕುದಿದು ಮೈಯೆಲ್ಲ ಸಣ್ಣಸಣ್ಣ ಕುಳಿ ಬಿದ್ದವು. ಬಾಣಲೆಯ ತಳದಲ್ಲೂ ಗೋಡೆಯಲ್ಲೂ ಕಂದು ಪದರವೊಂದು ಕಟ್ಟಿಕೊಂಡಿತು. ಬೇಯಿಸಿದ ಈರುಳ್ಳಿಯ ಸಕ್ಕರೆ ಈಗ ಕೆಂಪಾಗುತ್ತಿದೆ. ಮಧ್ಯಾಹ್ನ ನಾನು ಕೇಳಿದ ಪ್ರಶ್ನೆಗೆ ಉತ್ತರ ಬಾಣಲೆಯ ಗೋಡೆಗೆ ಅಂಟಿತ್ತು. ಸೀಯುವುದಕ್ಕೆ ಕೂದಲೆಳೆಯಷ್ಟು ಮೊದಲು ಚಾಚಾ ಚಮಚದ ಅಂಚಿನಿಂದ ಅದನ್ನು ಕೆರೆದು ಒಳಗೆ ಸೇರಿಸಿದರು. ಬೆಂದ ಕೋಳಿಯ ತುಂಡುಗಳು, ಇನ್ನೊಂದು ಸೌಟು ಗ್ರೇವಿ, ಮತ್ತೆ ಮುಟ್ಟದೆ ಕುದಿಸು, ಮತ್ತೆ ಕೆರೆ. ಮೂರನೆಯ ಸಲ ಬಾಣಲೆಯನ್ನು ಸ್ವಲ್ಪ ವಾಲಿಸಿದಾಗ ಎಣ್ಣೆಯ ತುದಿಗೆ ಬೆಂಕಿ ತಾಗಿ ಭಗ್ಗೆಂದಿತು, ಒಂದೇ ಕ್ಷಣ. ಆ ಹೊಗೆಯ ಕಂಪೇ ರಸ್ತೆಯವರೆಗೆ ಹೋಗಿ ಜನರನ್ನು ಕೈಹಿಡಿದು ಕರೆತರುವುದು. ನಿಂಬೆರಸ, ಕೊತ್ತಂಬರಿ ಸೊಪ್ಪು, ತಟ್ಟೆ. ಗಡಿಯಾರ ನೋಡಿದೆ: ಏಳು ನಿಮಿಷ ಆಗಿರಲಿಲ್ಲ. ಬಾಯಿಗಿಟ್ಟರೆ ಆಳವಾದ, ಹೊತ್ತು ಹಿಡಿದು ಬೆಂದ ರುಚಿ. ಮಧ್ಯಾಹ್ನ ನಾಲಿಗೆಗೆ ಏನೂ ಹೇಳದಿದ್ದ ಆ ಕಿತ್ತಳೆ ನೀರೇ ಇದು ಎಂದರೆ ನಂಬುವುದು ಕಷ್ಟ.

ಮನೆಯಲ್ಲಿ ಈ ರುಚಿ ತರಲಾಗದೆ ಇಂಗ್ಲಿಷ್ ಗೃಹಸ್ಥರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದುಂಟು. ಕ್ರಿಸ್ ಧಿಲ್ಲೋನ್ 1989ರಲ್ಲಿ ‘ದಿ ಕರಿ ಸೀಕ್ರೆಟ್’ ಎಂಬ ಸಣ್ಣ ಪುಸ್ತಕ ಬರೆದು ಗ್ರೇವಿಯ ವಿಚಾರ ಬಯಲಿಗಿಟ್ಟರು. ಗುಟ್ಟು ತಿಳಿದರೂ ಉರಿಯ ಮುಂದೆ ಕಿವಿಗೊಟ್ಟು ನಿಲ್ಲುವ ಅಭ್ಯಾಸ ಪುಸ್ತಕದಿಂದ ಬರುವುದಲ್ಲ.

ಅದೇ ಗ್ರೇವಿಯಿಂದ ಚಾಚಾ ಆ ರಾತ್ರಿ ಎಷ್ಟು ಬಗೆ ಮಾಡಿದರೋ ಲೆಕ್ಕ ಇಡಲಿಲ್ಲ. ಕೊರ್ಮಾಕ್ಕೆ ಮೆಣಸಿನ ಪುಡಿಯೇ ಇಲ್ಲ. ಕೊಬ್ಬರಿ, ಕೆನೆ, ಸಕ್ಕರೆ. ಈ ಊಟಕ್ಕೆ ಹೊಸಬರಾದವರು ಹತ್ತುವ ಮೊದಲ ಮೆಟ್ಟಿಲು ಅದು. ಮೇಲಿನ ಮೆಟ್ಟಿಲು ಮದ್ರಾಸ್. ಮದ್ರಾಸಿಗೂ ಇದಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೆ ನಂಟಿಲ್ಲ. ಅದರ ಮೇಲೆ ವಿಂದಾಲೂ, ಎಲ್ಲಕ್ಕಿಂತ ಮೇಲೆ ಕಣ್ಣುಮೂಗಲ್ಲಿ ನೀರಿಳಿಸುವ ಫಾಲ್. ದನ್ಸಾಕ್‌ಗೆ ಪಾರ್ಸಿಗಳ ಬೇಳೆ, ದೋಪ್ಯಾಜಾಕ್ಕೆ ಎರಡನೆಯ ಸಲ ಈರುಳ್ಳಿ, ಜಾಲ್‌ಫ್ರೇಜಿಗೆ ಹಸಿಮೆಣಸಿನಕಾಯಿ, ದೊಣ್ಣೆಮೆಣಸಿನಕಾಯಿ.

ವಿಂದಾಲೂ ಹೆಸರು ಕೇಳಿದಾಗ ನನಗೆ ಮಂಗಳೂರು ನೆನಪಾಯಿತು. ಪೋರ್ಚುಗೀಸರು ಮಾಂಸವನ್ನು ದ್ರಾಕ್ಷಾರಸ, ಬೆಳ್ಳುಳ್ಳಿಯಲ್ಲಿ ನೆನೆಸುತ್ತಿದ್ದ ಕ್ರಮ ಗೋವೆಯಲ್ಲಿ ವಿನೆಗರು, ಒಣಮೆಣಸು ಸೇರಿ ವಿಂದಾಲೂ ಆಯಿತು; ನಮ್ಮ ಮಂಗಳೂರಿನ ಕ್ರೈಸ್ತರ ಮನೆಯ ಹಂದಿಮಾಂಸದ ಇಂದಾದ್ ಅದೇ ಬಳಗದ್ದು. ಇಂಗ್ಲೆಂಡಿನ ವಿಂದಾಲೂವಿನಲ್ಲಿ ಒಂದು ಆಲೂಗಡ್ಡೆ ತುಂಡು ಬರುತ್ತದೆ, ಹೆಸರಿನ ಕೊನೆಯ ‘ಆಲೂ’ ಕೇಳಿಸಿಯೇ ಯಾರೋ ಹಾಕಿದ್ದಿರಬೇಕು. ಗೋವೆಯವರಿಗೆ ಇದರಿಂದ ನೋವಾದರೆ ಅರ್ಥವಾಗುತ್ತದೆ. ಆದರೂ ಆ ಖಾರ ಹೀರಿದ ಆಲೂಗಡ್ಡೆ ತುಂಡನ್ನು ಜನ ಕೊನೆಗೆಂದು ಎತ್ತಿಟ್ಟುಕೊಂಡು ತಿನ್ನುವುದನ್ನು ನೋಡಿದ್ದೇನೆ. 1998ರ ವಿಶ್ವಕಪ್ ಫುಟ್‌ಬಾಲ್ ಹೊತ್ತಿಗೆ ಇಂಗ್ಲೆಂಡ್ ತಂಡದ ಅಭಿಮಾನಿಗಳು ಬಾಯಿತುಂಬ ಹಾಡುತ್ತಿದ್ದ ಒಂದು ಹಾಡಿನ ಹೆಸರೇ ‘ವಿಂದಾಲೂ’.

ಬರ್ಮಿಂಗ್‌ಹ್ಯಾಮಿನ ಬಾಲ್ಟಿ ಇದೇ ಕಸುಬಿನ ಇನ್ನೊಂದು ಕೊಂಬೆ. ಸ್ಪಾರ್ಕ್‌ಬ್ರೂಕ್, ಬಾಲ್ಸಾಲ್ ಹೀತ್ ಬಡಾವಣೆಗಳಲ್ಲಿ 1970ರ ದಶಕದಲ್ಲಿ ಪಾಕಿಸ್ತಾನಿ, ಕಾಶ್ಮೀರಿ ಮೂಲದವರು ಬೆಳೆಸಿದ್ದು. ತೆಳು ಉಕ್ಕಿನ ಹಾಳೆಯನ್ನು ಒತ್ತಿ ಮಾಡಿದ, ಎರಡು ಕಿವಿಯ ಬಟ್ಟಲಿನಲ್ಲಿ ಜೋರು ಉರಿಯಲ್ಲಿ ಬೇಯಿಸಿ ಅದೇ ಬಟ್ಟಲನ್ನು ಸುಯ್ಗುಟ್ಟುತ್ತ ಮೇಜಿಗೆ ತಂದಿಡುತ್ತಾರೆ. ಮೇಜಿನಷ್ಟಗಲದ ನಾನ್ ಬರುತ್ತದೆ, ಎಲ್ಲರೂ ಹರಿದುಕೊಂಡು ಕೈಯಲ್ಲೇ ತಿನ್ನುತ್ತಾರೆ. ಹಿಂದಿಯ ಬಾಲ್ಟಿ, ನಮ್ಮ ಕರಾವಳಿಯ ಬಾಲ್ದಿ ಎರಡೂ ಪೋರ್ಚುಗೀಸರ ಮಾತಿನಿಂದ ಬಂದವು. ನೀರು ಸೇದುವ ಆ ಬಾಲ್ದಿಯ ಹೆಸರು ಇಂಗ್ಲೆಂಡಿನ ನಡುನಾಡಿನಲ್ಲಿ ಊಟದ ಹೆಸರಾಗಿ ಕೂತಿರುವುದು ನನಗೆ ತುಂಬಾ ಇಷ್ಟ.

ಬ್ರಿಟಿಷರು ಇದನ್ನು ಇಷ್ಟು ಹಚ್ಚಿಕೊಂಡದ್ದೇಕೆ? ಖಾರದ ಮೋಹ, ಹಳೆಯ ಸಾಮ್ರಾಜ್ಯದ ನೆನಪು ಎಂದೆಲ್ಲ ಹೇಳುತ್ತಾರೆ. ನನಗೆ ಕಂಡದ್ದು ಇನ್ನೂ ಸರಳ. ಅವರ ನೆಮ್ಮದಿಯ ಊಟಗಳನ್ನು ಒಮ್ಮೆ ನೋಡಿ: ಭಾನುವಾರದ ಹುರಿದ ಮಾಂಸ, ಅರೆದ ಆಲೂಗಡ್ಡೆಯ ಜೊತೆ ಸಾಸೇಜು, ಯಾರ್ಕ್‌ಶೈರ್ ಪುಡಿಂಗು. ಇವಕ್ಕೆಲ್ಲ ಮೇಲಿನಿಂದ ಸುರಿದುಕೊಳ್ಳಲು ಬಿಸಿಬಿಸಿ ಕಂದು ಗ್ರೇವಿ ಬೇಕು. ಅದಿಲ್ಲದೆ ಅವರಿಗೆ ಊಟ ಗಂಟಲಲ್ಲಿ ಇಳಿಯದು, ನಮಗೆ ಸಾರಿಲ್ಲದ ಅನ್ನ ಇಳಿಯದ ಹಾಗೆ. ಸಿಲ್ಹೆಟಿನ ಅಡುಗೆಯವರು ಅವರ ಮುಂದಿಟ್ಟದ್ದು ಗ್ರೇವಿಯನ್ನೇ. ಅವರಿಗೆ ಗೊತ್ತಿದ್ದ ಗ್ರೇವಿಗಿಂತ ಹತ್ತು ಪಟ್ಟು ಜೀವವಿದ್ದ ಗ್ರೇವಿಯನ್ನು. ವಿದೇಶಾಂಗ ಸಚಿವ ರಾಬಿನ್ ಕುಕ್ 2001ರ ಭಾಷಣವೊಂದರಲ್ಲಿ ಚಿಕನ್ ಟಿಕ್ಕಾ ಮಸಾಲೆಯನ್ನು ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯ ಎಂದಾಗ ಕೊಟ್ಟ ಕಾರಣವೂ ಇದೇ ದಿಕ್ಕಿನದು: ಟಿಕ್ಕಾ ಭಾರತದ್ದು, ಮೇಲಿನ ಮಸಾಲೆ ಸೇರಿದ್ದು ಮಾಂಸಕ್ಕೆ ಗ್ರೇವಿ ಬೇಕೆನ್ನುವ ಬ್ರಿಟಿಷರ ಆಸೆಗೆ. ಅದನ್ನು ಮೊದಲು ಮಾಡಿದ್ದು ತಾನೇ ಎಂದು ಗ್ಲಾಸ್ಗೋದ ಶೀಶ್ ಮಹಲ್ ಹೋಟೆಲಿನ ಅಲಿ ಅಹ್ಮದ್ ಅಸ್ಲಂ ಹೇಳುತ್ತಿದ್ದರು. ಕೋಳಿ ಒಣಗಿದೆ ಎಂದು ಗಿರಾಕಿಯೊಬ್ಬ ಹೇಳಿದ್ದಕ್ಕೆ ಟೊಮೆಟೊ ಸೂಪು, ಮಸಾಲೆ ಸೇರಿಸಿ ಕೊಟ್ಟರಂತೆ. ಅವರು ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ.

ಮೀನು, ಚಿಪ್ಸ್ ಮಾರುವ ಅಂಗಡಿಯಲ್ಲೂ ಇಂದು ಕರಿ ಸಾಸ್ ಇದೆ. ಹಳದಿ ಕಂದು, ಸ್ವಲ್ಪ ಸಿಹಿ, ದಪ್ಪ. ಮಳೆ ಹನಿಯುವ ರಾತ್ರಿ ಕಾಗದದ ಪೊಟ್ಟಣದ ಚಿಪ್ಸ್ ಮೇಲೆ ಅದನ್ನು ಸುರಿಸಿಕೊಂಡು ಬಸ್ ಸ್ಟಾಪಿನಲ್ಲಿ ನಿಂತು ತಿಂದವರಿಗೆ ಅದರ ಸುಖ ಗೊತ್ತು. ವೇಲ್ಸ್ ಕಡೆ ಕರಿಗೆ ಅರ್ಧ ಅನ್ನ, ಅರ್ಧ ಚಿಪ್ಸ್ ಕೇಳುವ ಪದ್ಧತಿ. ಖಿಚಡಿ ಅಲ್ಲಿ ಹೊಗೆ ಹಿಡಿಸಿದ ಮೀನು, ಮೊಟ್ಟೆ ಸೇರಿ ಕೆಡ್ಜರಿ ಆಗಿದೆ. ತಮಿಳರ ಮಿಳಗು ತಣ್ಣಿ, ಅಂದರೆ ನಮ್ಮ ಮೆಣಸಿನ ಸಾರಿನ ಒಡಹುಟ್ಟು, ಮಲ್ಲಿಗಟಾನಿ ಸೂಪಾಗಿದೆ. 1953ರಲ್ಲಿ ರಾಣಿ ಎಲಿಜಬೆತ್ ಪಟ್ಟಾಭಿಷೇಕದ ದಿನದ ಔತಣಕ್ಕೆಂದು ಮಾಡಿದ ಕೋಳಿಯ ತಣ್ಣನೆ ಪದಾರ್ಥದಲ್ಲೂ ಕರಿ ಪೌಡರು ಇತ್ತು.

ಹನ್ನೊಂದೂವರೆಗೆ ಕೊನೆಯ ಮೇಜು ಖಾಲಿಯಾಯಿತು. ಗ್ರೇವಿಯ ದಬರಿ ತಳ ಕಂಡಿತ್ತು. ಚಾಚಾ ಏಪ್ರನ್ ಬಿಚ್ಚಿ, ಮೂಲೆಯ ಸಣ್ಣ ಒಲೆಯ ಮೇಲಿದ್ದ ಮುಚ್ಚಿದ ಪಾತ್ರೆಯನ್ನು ತೆರೆದರು. ಕೆಲಸದವರ ಊಟ ಅದು. ಮೆನುವಿನಲ್ಲಿ ಇಲ್ಲದ್ದು, ಗ್ರೇವಿ ಸೋಕದ್ದು. ಮೀನಿನ ತೆಳು ಸಾರು; ಅದರಲ್ಲಿ ಸಿಲ್ಹೆಟಿನ ಸಾತ್‌ಕೊರಾ ಹಣ್ಣಿನ ದಪ್ಪ ಸಿಪ್ಪೆಯ ಹೋಳುಗಳು. ನಮ್ಮ ಹೇರಳೆಕಾಯಿಯ ನೆಂಟ ಎನ್ನಬಹುದಾದ ಹುಳಿಯ ಹಣ್ಣು, ಹುಳಿಯ ಹಿಂದೆ ಒಂದು ಹಿತವಾದ ಕಹಿ. ಐದಾರು ಮಂದಿ ಸುತ್ತ ನಿಂತು ಅನ್ನಕ್ಕೆ ಕಲಸಿಕೊಂಡರು. ಮಧ್ಯಾಹ್ನ ಈರುಳ್ಳಿ ಸುಲಿದ ಹುಡುಗ ನನಗೂ ಒಂದು ತಟ್ಟೆ ಕೊಟ್ಟ.

"ಇದನ್ನು ಗಿರಾಕಿಗಳಿಗೆ ಕೊಡುವುದಿಲ್ಲವೇ ಚಾಚಾ?" ಎಂದೆ.

"ಇದು ನಮ್ಮ ಅಮ್ಮನ ಅಡುಗೆ" ಎಂದರು ಅವರು. ತುತ್ತು ನುಂಗಿ, ಖಾಲಿ ದಬರಿಯ ಕಡೆ ಕೈ ತೋರಿಸಿದರು. "ಅದು ನಾವು ಇಲ್ಲಿಗೆ ಬಂದು ಮಾಡಿದ್ದು."

ಹುಡುಗ ಕೈ ತೊಳೆದು ಹೊಸ ಮೂಟೆಯೊಂದನ್ನು ಎಳೆದು ತಂದು ದಬರಿಯ ಪಕ್ಕ ನಿಲ್ಲಿಸಿದ, ನಾಳೆಗೆ.